ಸಣ್ಣ ಗಾಯವೆಂದು ನೋವನ್ನು ನುಂಗಬೇಡಿ

"ನಾಲ್ಕೇ ತೂತು ಕಣಮ್ಮ, ನಾಳೆ ಮನೆಗೆ ಹೋಗಬಹುದು" ಎಂದು ಡಾಕ್ಟರು ಕಳಿಸಿರುತ್ತಾರೆ. ಮನೆಗೆ ಬಂದ ರಾತ್ರಿ ಅತ್ತೆಯವರು "ಹೊಟ್ಟೆಗಿಂತ ಭುಜವೇ ಸಿಡೀತಿದೆ ಕಣೇ" ಅಂದರೆ ಯಾವ ಸೊಸೆಗಾದರೂ ಗಾಬರಿಯೇ!

ಪಿತ್ತಕೋಶದ ಕಲ್ಲಿಗೆ ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯುವುದು ಈಗ ಅಪರೂಪ. ನಮ್ಮ ದೇಶದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಮ್ಟನ್ ಉದ್ವಾಡಿಯಾ ಅವರು ಲ್ಯಾಪರೊಸ್ಕೋಪಿ ವಿಧಾನದಿಂದ ಮೊದಲ ಬಾರಿಗೆ ಪಿತ್ತಕೋಶ ತೆಗೆದರು. ಇದರಲ್ಲಿ ಒಳಗೆ ಚೆನ್ನಾಗಿ ಕಾಣಲೆಂದು ಹೊಟ್ಟೆಗೆ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಅದು ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆಣಕುತ್ತದೆ. ವಪೆಯ ನರ ಕುತ್ತಿಗೆಯಿಂದ ಇಳಿದು ಬರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ.

ಹಿರಿಯರು ನೋವನ್ನು ಬಾಯಿ ಬಿಟ್ಟು ಹೇಳುವುದಿಲ್ಲ. "ರೂಪಾಯಿಗೆ ಎಷ್ಟಾಣೆ ನೋವು ಅತ್ತೆ?" ಎಂದು ಕೇಳಿ ನೋಡಿ, ತಕ್ಷಣ ಉತ್ತರ ಬರುತ್ತದೆ! ನೋವು ತಡೆದುಕೊಂಡವರು ಆಳವಾಗಿ ಉಸಿರಾಡುವುದಿಲ್ಲ, ಕೆಮ್ಮುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಆಗುವ ಭಯವಿದೆ. ಆದ್ದರಿಂದ ಡಾಕ್ಟರು ಬರೆದ ಮಾತ್ರೆಯನ್ನು ನೋವು ವಿಪರೀತವಾಗುವ ತನಕ ಕಾಯದೆ ಹೊತ್ತಿಗೆ ಸರಿಯಾಗಿ ಕೊಡಿ. ಕೊಟ್ಟ ವೇಳೆಯನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ನೆಗಡಿಯ ಮಾತ್ರೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ. ಕೇಳದೆ ಎರಡನ್ನೂ ಕೊಡಬೇಡಿ.

ಕೆಮ್ಮುವಾಗ, ಸೀನುವಾಗ ಹೊಟ್ಟೆಗೆ ದಿಂಬು ಒತ್ತಿಕೊಳ್ಳಲಿ. ಏಳುವಾಗ ಮೊದಲು ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈ ಊರಿ ಏಳಲಿ. ಗಂಟೆ ಎರಡು ಗಂಟೆಗೊಮ್ಮೆ ಹಜಾರದಲ್ಲಿ ನಿಧಾನವಾಗಿ ನಡೆಸಿ; ಹೊಟ್ಟೆಯುಬ್ಬರ ತಗ್ಗುತ್ತದೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಕಡಿಮೆ. ಭುಜಕ್ಕೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲ ಹಿತ; ಹೊಲಿಗೆಯ ಮೇಲೆ ಮಾತ್ರ ಬೇಡ. ಗಂಜಿ, ಮೆತ್ತನೆ ಅನ್ನ, ತಿಳಿಸಾರು ಸ್ವಲ್ಪ ಸ್ವಲ್ಪವಾಗಿ ಕೊಡಿ. ಡಾಕ್ಟರು ಒಪ್ಪುವವರೆಗೆ ತುಂಬಿದ ಬಿಂದಿಗೆ, ಗ್ಯಾಸ್ ಸಿಲಿಂಡರು ಎತ್ತುವಂತಿಲ್ಲ.

ದಿನದಿಂದ ದಿನಕ್ಕೆ ನೋವು ಇಳಿಯಬೇಕೇ ಹೊರತು ಏರಬಾರದು. ಹೊಟ್ಟೆನೋವು ಹೆಚ್ಚಾಗುವುದು, ಜ್ವರ, ನಿಲ್ಲದ ವಾಂತಿ, ಹೊಟ್ಟೆ ಬಿಗಿದು ಉಬ್ಬುವುದು, ಕಣ್ಣು ಹಳದಿಯಾಗುವುದು, ಗಾಯದಲ್ಲಿ ಕೀವು, ಮೀನಖಂಡದ ಊತ ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆನೋವು, ಉಸಿರುಕಟ್ಟು, ಬೆವರು ಬಂದರೆ "ಗ್ಯಾಸ್ ಇರಬೇಕು" ಎಂದು ಒಂದು ಕ್ಷಣವೂ ಕಾಯಬೇಡಿ.

ನಾಳೆ ಆಪರೇಷನ್ ನಿಮಗೇ ಆದರೆ? "ಸಣ್ಣ ಗಾಯ ತಾನೇ" ಎಂದು ಮೂರನೇ ದಿನವೇ ರುಬ್ಬಲು ಕೂರಬೇಡಿ. ಈ ಪುಟವನ್ನು ಮನೆಯವರ ಕೈಗೆ ಕೊಟ್ಟುಬಿಡಿ!