ಮಕ್ಕಳ ಜಾಗಕ್ಕೆ ಬೇಕಿರೋದು ಇನ್ನೊಂದು ರೈಡಾ?

ಥೀಮ್ ಪಾರ್ಕಿನಲ್ಲಿ ಮಕ್ಕಳ ಜಾಗ ಸೊರಗಿದ್ರೆ ಏನು ಮಾಡ್ಬೇಕು?
ಇನ್ನೊಂದು ರೈಡ್ ಹಾಕಿದ್ರೆ ಸಾಕಾ?
ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ನೋಡಿ.
ಅಲ್ಲಿನ ಮಿಕೀಸ್ ಟೂನ್‌ಟೌನ್ ಅನ್ನೋ ಮಕ್ಕಳ ಜಾಗ ಶುರುವಾಗಿದ್ದು 1993ರಲ್ಲಿ.
2022ರಲ್ಲಿ ಮುಚ್ಚಿ, ಮರುವರ್ಷ ಹೊಸ ರೂಪದಲ್ಲಿ ತೆರೆದ್ರು.
ಹೊಸ ರೈಡೂ ಬಂತು, ನಿಜ.
ಆದ್ರೆ ನನ್ನ ಪ್ರಕಾರ ದೊಡ್ಡ ಬದಲಾವಣೆ ಬೇರೆ:
ಹೊರಳಾಡೋಕೆ ಹುಲ್ಲು, ಕೂರೋಕೆ ನೆರಳು,
ಕೈಯಾಡಿಸೋಕೆ ಕಾರಂಜಿ ನೀರು,
ಬೇರಿನ ಸಂದಿಯಲ್ಲಿ ನುಸುಳಿ ಆಡೋಕೆ ಒಂದು ದೊಡ್ಡ ಮರ.

ಯಾಕಂದ್ರೆ ಗದ್ದಲದಲ್ಲಿ ಸುಸ್ತಾದ ಮಗುವಿಗೆ ಮತ್ತೊಂದು ರೈಡ್ ಅಂದ್ರೆ,
ಹೊಟ್ಟೆ ಬಿರಿಯೋ ಹಾಗೆ ಉಂಡವರಿಗೆ ಮತ್ತೆ ಹೋಳಿಗೆ ಬಡಿಸಿದಂಗೆ!
'ಅಷ್ಟು ದುಡ್ಡು ಕೊಟ್ಟು ಹುಲ್ಲಲ್ಲಿ ಕೂರೋದಾ?' ಅಂತೀರಾ?
ಎತ್ತರ ಸಾಲದ ಮಗುವನ್ನ ಎಷ್ಟೋ ರೈಡ್‌ಗಳಿಗೆ ಹತ್ತಿಸೋದೇ ಇಲ್ಲ.
ಕ್ಯೂ ನಿಲ್ಲದೆ, ಎತ್ತರ ಅಳೆಸಿಕೊಳ್ಳದೆ
ತನ್ನಿಷ್ಟದಂತೆ ಆಡೋ ಜಾಗ
ಆ ಮಗುವಿಗೂ ಸಿಗಬೇಕಲ್ವಾ?