ದಂತ ಸಹಾಯಕರು, ಎಕ್ಸ್-ರೇ ತಂತ್ರಜ್ಞರು: ಎಷ್ಟು ತರಬೇತಿ ಸಾಕು?

ಪರೀಕ್ಷಾ ಫಲಿತಾಂಶಗಳು ಹೊರಬೀಳುತ್ತಿದ್ದಂತೆಯೇ ನಗರಗಳ ಗೋಡೆಗಳ ಮೇಲೆ ‘ಆರೇ ತಿಂಗಳಲ್ಲಿ ಆಸ್ಪತ್ರೆ ಉದ್ಯೋಗ’ ಎಂಬ ಧಾಟಿಯ ಜಾಹೀರಾತುಗಳು ಕಾಣಿಸಿಕೊಳ್ಳುತ್ತವೆ. ದಂತ ಸಹಾಯಕರು, ಎಕ್ಸ್-ರೇ ತಂತ್ರಜ್ಞರು ಎಂಬ ಎರಡು ಹೆಸರುಗಳು ಅವುಗಳಲ್ಲಿ ಅಕ್ಕಪಕ್ಕದಲ್ಲೇ ಇರುವುದುಂಟು. ಎರಡೂ ವೈದ್ಯರಿಗೆ ನೆರವಾಗುವ ವೃತ್ತಿಗಳೇ. ಆದರೆ ಕಾನೂನು ಅವನ್ನು ಕಂಡಿರುವ ರೀತಿಯಲ್ಲಿ ಅಜಗಜಾಂತರವಿದೆ. ಶುಲ್ಕ ಕಟ್ಟುವ ಮುನ್ನ ಪೋಷಕರು ಅರಿಯಬೇಕಾದುದು ಈ ಅಂತರವನ್ನು.

ಮೊದಲು ಎಕ್ಸ್-ರೇ ತಂತ್ರಜ್ಞರ ವಿಷಯ. 2021ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ವೃತ್ತಿಗಳ ಆಯೋಗ ಕಾಯ್ದೆಯು ವಿಕಿರಣ ಚಿತ್ರಣ ಕ್ಷೇತ್ರದ ವೃತ್ತಿಗಳನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಸಹಾಯಕ ಆರೋಗ್ಯ ವೃತ್ತಿಯ ಡಿಪ್ಲೊಮಾ ಅಥವಾ ಪದವಿಗೆ ಕನಿಷ್ಠ 2,000 ಗಂಟೆಗಳ ಕಲಿಕೆ ಇರಬೇಕು, ಅದು ಎರಡರಿಂದ ನಾಲ್ಕು ವರ್ಷಗಳಲ್ಲಿ ಹರಡಿರಬೇಕು ಎಂಬುದು ಆ ಕಾಯ್ದೆಯ ಮಾತು. ಆರು ತಿಂಗಳ ಕೋರ್ಸಿನಲ್ಲಿ ವಾರಕ್ಕೆ ಆರು ದಿನ, ದಿನಕ್ಕೆ ಎಂಟು ಗಂಟೆ ಬಿಡುವಿಲ್ಲದೆ ಕಲಿಸಿದರೂ ಲೆಕ್ಕ 1,250 ಗಂಟೆ ಮುಟ್ಟುವುದಿಲ್ಲ. ಕರ್ನಾಟಕದಲ್ಲಿ ಡಿಪ್ಲೊಮಾ ಪರೀಕ್ಷೆಗಳನ್ನು ಅರೆವೈದ್ಯಕೀಯ ಮಂಡಳಿ ನಡೆಸಿಕೊಂಡು ಬಂದಿದೆ, ಬಿ.ಎಸ್ಸಿ ಪದವಿಯನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ನೀಡುತ್ತದೆ.

ಗುಂಡಿ ಒತ್ತುವ ಕೆಲಸಕ್ಕೆ ಇಷ್ಟು ದೀರ್ಘ ಓದೇಕೆ ಎಂದು ಕೇಳುವವರಿದ್ದಾರೆ. ಗುಂಡಿ ಒತ್ತುವುದು ಕೊನೆಯ ಕ್ಷಣದ ಕೆಲಸ. ಅದಕ್ಕೂ ಮೊದಲು ರೋಗಿಯ ಮೈಕಟ್ಟಿಗೆ ತಕ್ಕಂತೆ ವೋಲ್ಟೇಜ್, ವಿದ್ಯುತ್ ಪ್ರವಾಹ ಹಾಗೂ ಸಮಯವನ್ನು ಹೊಂದಿಸಬೇಕು. ಕಿರಣಪುಂಜವನ್ನು ಬೇಕಾದ ಭಾಗಕ್ಕಷ್ಟೇ ಸೀಮಿತಗೊಳಿಸಬೇಕು. ಮೂಳೆ ಯಾವ ಕೋನದಲ್ಲಿ ಕಂಡರೆ ಬಿರುಕು ಗೋಚರಿಸೀತು ಎಂಬುದು ತಿಳಿದಿರಬೇಕು. ಫಿಲ್ಮ್ ಬಳಕೆಯಲ್ಲಿದ್ದ ಕಾಲದಲ್ಲಿ ವಿಕಿರಣ ಹೆಚ್ಚಾದರೆ ಚಿತ್ರ ಕಪ್ಪಾಗಿ ತಪ್ಪು ತಾನಾಗಿಯೇ ಬಯಲಾಗುತ್ತಿತ್ತು. ಡಿಜಿಟಲ್ ಯಂತ್ರಗಳಲ್ಲಿ ಹಾಗಲ್ಲ. ಪ್ರಮಾಣ ಮೀರಿದರೂ ಗಣಕವು ಚಿತ್ರವನ್ನು ತಿದ್ದಿ ಅಂದವಾಗಿಯೇ ತೋರಿಸುತ್ತದೆ. ಅರೆಬರೆ ಕಲಿತವನಿಗೆ ತಾನು ರೋಗಿಗೆ ಅನಗತ್ಯ ವಿಕಿರಣ ನೀಡುತ್ತಿರುವುದು ಅರಿವಿಗೇ ಬಾರದು. ಯಂತ್ರ ಸುಲಭವಾದಷ್ಟೂ ತರಬೇತಿಯ ಅಗತ್ಯ ಹೆಚ್ಚಿದೆ ಎಂಬುದು ವಿಚಿತ್ರವಾದರೂ ಸತ್ಯ.

ಇನ್ನು ದಂತ ಸಹಾಯಕರು. 1948ರ ದಂತವೈದ್ಯರ ಕಾಯ್ದೆ ವೈದ್ಯರ ಜೊತೆಗೆ ಇಬ್ಬರನ್ನಷ್ಟೇ ಗುರುತಿಸಿತ್ತು: ಹಲ್ಲು ಶುಚಿಗೊಳಿಸುವ ಡೆಂಟಲ್ ಹೈಜೀನಿಸ್ಟ್ ಮತ್ತು ಕೃತಕ ದಂತಪಂಕ್ತಿ ತಯಾರಿಸುವ ಡೆಂಟಲ್ ಮೆಕ್ಯಾನಿಕ್. ಕುರ್ಚಿಯ ಪಕ್ಕ ನಿಂತು ಸಲಕರಣೆ ಕೊಡುವ, ಬಾಯಿಯ ನೀರನ್ನು ಹೀರಿ ತೆಗೆಯುವ, ಅಚ್ಚಿನ ಪುಡಿ ಕಲಸುವ ಸಹಾಯಕಿಗೆ ಅಲ್ಲಿ ಹೆಸರೇ ಇರಲಿಲ್ಲ. ಪರಿಣಾಮವಾಗಿ ನಮ್ಮ ಬಹುತೇಕ ಖಾಸಗಿ ಚಿಕಿತ್ಸಾಲಯಗಳಲ್ಲಿ ಈ ಕೆಲಸವನ್ನು ನೋಡಿ ಕಲಿಯುವುದೇ ರೂಢಿ. ಕಲಿಸುವ ವೈದ್ಯರು ಶಿಸ್ತಿನವರಾದರೆ ಕಲಿಕೆಯೂ ಉತ್ತಮವಾದೀತು. ಸಲಕರಣೆಗಳನ್ನು ಆಟೊಕ್ಲೇವ್‌ನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಕನಿಷ್ಠ 15 ನಿಮಿಷ ಇರಿಸಬೇಕೆಂಬುದು, ಬಳಸಿದ ಸೂಜಿ ಬಿಳಿಯ ಡಬ್ಬಕ್ಕೂ ರಕ್ತ ಅಂಟಿದ ಹತ್ತಿ ಹಳದಿ ಚೀಲಕ್ಕೂ ಹೋಗಬೇಕೆಂಬುದು, ಕೆಲಸಕ್ಕೆ ಸೇರುವಾಗಲೇ ಹೆಪಟೈಟಿಸ್-ಬಿ ಲಸಿಕೆಯ ಮೂರು ವರಸೆ ಪಡೆಯಬೇಕೆಂಬುದು ಗೊತ್ತಾಗುತ್ತದೆ. ಇಲ್ಲವಾದರೆ ಸೂಜಿ ಚುಚ್ಚಿದ ಮೇಲಷ್ಟೇ ಗೊತ್ತಾಗುತ್ತದೆ.

ಎರಡೂ ವೃತ್ತಿಗಳು ಸಂಧಿಸುವುದು ಹಲ್ಲಿನ ಎಕ್ಸ್-ರೇ ಬಳಿ. ಇತಿಹಾಸದಲ್ಲೂ ಅವು ಒಬ್ಬನೇ ವ್ಯಕ್ತಿಯಲ್ಲಿ ಸಂಧಿಸಿದವು. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ 1885ರಲ್ಲಿ ಮಹಿಳೆಯೊಬ್ಬರನ್ನು ಸಹಾಯಕಿಯಾಗಿ ನೇಮಿಸಿಕೊಂಡರು. ದಂತ ಸಹಾಯಕಿಯರ ವೃತ್ತಿಯ ಆರಂಭವನ್ನು ಅಲ್ಲಿಂದ ಗುರುತಿಸುವುದುಂಟು. ಮಹಿಳಾ ರೋಗಿಗಳು ಮನೆಯವರ ಕಾವಲಿಲ್ಲದೆ ಚಿಕಿತ್ಸೆಗೆ ಬರುವುದು ಇದರಿಂದ ಸಾಧ್ಯವಾಯಿತು. 1895ರ ಕೊನೆಯಲ್ಲಿ ರಾಂಟ್ಜೆನ್ ಎಕ್ಸ್ ಕಿರಣಗಳನ್ನು ಪ್ರಕಟಿಸಿದ ಮರುವರ್ಷವೇ ಕೆಲ್ಸ್ ಹಲ್ಲಿನ ಚಿತ್ರ ತೆಗೆಯತೊಡಗಿದರು. ಕಿರಣದ ತೀಕ್ಷ್ಣತೆ ಪರೀಕ್ಷಿಸಲು ಅವರು ಪ್ರತಿಸಲ ತಮ್ಮ ಕೈಯನ್ನೇ ಅದಕ್ಕೆ ಅಡ್ಡಲಾಗಿ ಹಿಡಿಯುತ್ತಿದ್ದರು. ವರ್ಷಗಳ ನಂತರ ಕ್ಯಾನ್ಸರ್ ತಲೆದೋರಿತು. ಬೆರಳುಗಳು, ಹಸ್ತ, ಕಡೆಗೆ ತೋಳು ಹೋದವು. 1928ರಲ್ಲಿ ಅವರು ತೀರಿಕೊಂಡರು.

ಇಂದು ಒಂದು ಹಲ್ಲಿನ ಎಕ್ಸ್-ರೇ ರೋಗಿಗೆ ನೀಡುವ ವಿಕಿರಣ ಸುಮಾರು 5 ಮೈಕ್ರೊಸೀವರ್ಟ್. ಒಂದು ದಿನದಲ್ಲಿ ಪ್ರಕೃತಿಯಿಂದಲೇ ನಮಗೆ ದೊರೆಯುವಷ್ಟು. ರೋಗಿ ಹೆದರಬೇಕಾದುದಿಲ್ಲ. ಆದರೆ ರೋಗಿ ಬರುವುದು ವರ್ಷಕ್ಕೊಮ್ಮೆ, ಸಹಾಯಕಿ ನಿಲ್ಲುವುದು ದಿನವೂ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ವಿಕಿರಣದೊಡನೆ ಕೆಲಸ ಮಾಡುವವರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಎಂಬ ಮಿತಿ ವಿಧಿಸಿದೆ. ಸಾರ್ವಜನಿಕರಿಗೆ ಅದು ಕೇವಲ 1. ಎರಡು ಮೀಟರ್ ದೂರ, ಅಥವಾ ತಡೆಗೋಡೆಯ ಮರೆ; ಪಾಲಿಸಬೇಕಾದುದು ಇಷ್ಟೇ. ದೂರ ಇಮ್ಮಡಿಯಾದರೆ ವಿಕಿರಣ ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ.

ಹಾಗಿದ್ದೂ ಅಳುವ ಮಗುವಿನ ಬಾಯಲ್ಲಿ ಫಿಲ್ಮನ್ನು ಸಹಾಯಕಿಯೇ ಬೆರಳಿನಿಂದ ಒತ್ತಿ ಹಿಡಿಯುವುದುಂಟು. ಇದನ್ನು ಮಾಡಕೂಡದು. ಫಿಲ್ಮ್ ಹಿಡಿಕೆಗಳು ಇರುವುದೇ ಇದಕ್ಕಾಗಿ. ಹಿಡಿಯಲೇಬೇಕಾದರೆ ಸೀಸದ ಹೊದಿಕೆ ತೊಟ್ಟ ಪೋಷಕರೊಬ್ಬರು ಹಿಡಿಯಬಹುದು. ಕೆಲಸಕ್ಕೆ ಸೇರುವ ಮೊದಲ ದಿನವೇ ಸಹಾಯಕಿ ಈ ಹಿಡಿಕೆ ಚಿಕಿತ್ಸಾಲಯದಲ್ಲಿ ಇದೆಯೇ ಎಂದು ಕೇಳಿ ತಿಳಿಯುವುದು ಒಳಿತು.