40 ಕೆ.ಬಿ.ಯೊಳಗೊಂದು ಲೋಕ

ನಿಮ್ಮ ಮೊಬೈಲಿನಲ್ಲಿ ಈಗ ಒಂದು ಸೆಲ್ಫಿ ತೆಗೆದುಕೊಳ್ಳಿ. ಆ ಒಂದು ಫೋಟೊ ಕಡಿಮೆಯೆಂದರೂ ಎರಡು ಎಂ.ಬಿ. ತೂಗುತ್ತದೆ. 1985ರಲ್ಲಿ ಜಪಾನಿನ ನಿಂಟೆಂಡೊ ಕಂಪನಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದ ಒಟ್ಟು ಗಾತ್ರ ಬರೀ 40 ಕೆ.ಬಿ. ಎಂಟು ಲೋಕ, 32 ಹಂತ, ಇವತ್ತಿಗೂ ಗುನುಗುವ ಆ ಸಂಗೀತ, ನಡೆದಾಡುವ ಅಣಬೆಗಳು, ಗುಪ್ತದಾರಿಯ ಪೈಪುಗಳು, ಕೊನೆಗೆ ಸಿಗುವ ರಾಜಕುಮಾರಿ ಎಲ್ಲವೂ ಅಷ್ಟರಲ್ಲೇ. ನಿಮ್ಮ ಒಂದು ಸೆಲ್ಫಿಯ ಜಾಗದಲ್ಲಿ ಐವತ್ತು ಮಾರಿಯೊ ಆಟಗಳನ್ನು ಕೂರಿಸಬಹುದು!

ನಾನು ಬಿ.ಇ. ಎಲೆಕ್ಟ್ರಾನಿಕ್ಸ್ ಓದುತ್ತಿರುವವನು. ವಯಸ್ಸು 20. ಅಂದರೆ ಮಾರಿಯೊ ನನಗಿಂತ ಸುಮಾರು ಇಪ್ಪತ್ತು ವರ್ಷ ಹಿರಿಯ. ನನ್ನ ಫೋನಿನಲ್ಲಿ ಸಿನಿಮಾದಂತೆ ಕಾಣುವ ಆಟಗಳಿವೆ. ಆದರೂ ನಮ್ಮ ಹಾಸ್ಟೆಲ್ ರೂಮಿನಲ್ಲಿ ಭಾನುವಾರ ಜನ ಸೇರುವುದು ಹಾಸನದ ಸೋದರಮಾವ ಕೊಟ್ಟ ಹಳೆಯ ವಿಡಿಯೊ ಗೇಮ್ ಮುಂದೆ. ಅದರ ಮೇಲ್ಭಾಗದ ಸೀಳಿಗೆ ಹಳದಿ ಬಣ್ಣದ ಒಂದು ಪ್ಲಾಸ್ಟಿಕ್ ಡಬ್ಬಿ ಸಿಕ್ಕಿಸಬೇಕು. ಅದೇ ಕಾರ್ಟ್ರಿಜ್. ಮಾವನ ಪೀಳಿಗೆ ಅದನ್ನು ಕರೆಯುತ್ತಿದ್ದದ್ದು ‘ಕ್ಯಾಸೆಟ್’ ಅಂತ. ಒಳಗೆ ಟೇಪ್ ಇಲ್ಲ, ಸುತ್ತುವ ಚಕ್ರವೂ ಇಲ್ಲ, ಆದರೂ ಅದು ಕ್ಯಾಸೆಟ್ಟೇ.

ಇಷ್ಟು ಹಳೆಯ ಆಟ ಯಾಕೆ ಇನ್ನೂ ಹಿಡಿದಿಡುತ್ತದೆ? ‘ನಾಸ್ಟಾಲ್ಜಿಯಾ’ ಅನ್ನುವುದು ಸುಲಭದ ಉತ್ತರ. ಆದರೆ ನನ್ನಂಥವನಿಗೆ ಆ ಕಾಲದ ನೆನಪೇ ಇಲ್ಲವಲ್ಲ! ಹಾಗಾಗಿ ಕಾರಣ ಆಟದೊಳಗೇ ಇರಬೇಕು.

ಡಬ್ಬಿಯ ಜಾತಕ

ಆರಂಭದ ಮನೆ ವಿಡಿಯೊ ಗೇಮ್‌ಗಳಲ್ಲಿ ಆಟಗಳು ಯಂತ್ರದೊಳಗೇ ಅಡಕವಾಗಿದ್ದವು. ಬೇರೆ ಆಟ ಬೇಕೆಂದರೆ ಬೇರೆ ಯಂತ್ರವನ್ನೇ ಕೊಳ್ಳಬೇಕಿತ್ತು. 1976ರಲ್ಲಿ ಅಮೆರಿಕದ ಫೇರ್‌ಚೈಲ್ಡ್ ಕಂಪನಿಯ ‘ಚಾನೆಲ್ ಎಫ್’ ಈ ಕಟ್ಟನ್ನು ಮುರಿಯಿತು. ಆಟವನ್ನು ರೋಮ್ ಚಿಪ್‌ಗೆ ತುಂಬಿ, ಚಿಪ್ಪನ್ನು ಡಬ್ಬಿಯೊಳಗಿಟ್ಟು, ಬೇಕಾದಾಗ ಬದಲಿಸುವ ವ್ಯವಸ್ಥೆ ಬಂತು. ಆ ಯಂತ್ರ ರೂಪಿಸಿದ ತಂಡದ ನೇತೃತ್ವ ವಹಿಸಿದ್ದವರು ಜೆರ್ರಿ ಲಾಸನ್ ಎಂಬ ಆಫ್ರಿಕನ್-ಅಮೆರಿಕನ್ ಎಂಜಿನಿಯರ್. ಮರುವರ್ಷ ಅಟಾರಿ 2600 ಬಂತು. 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊದ ‘ಫ್ಯಾಮಿಲಿ ಕಂಪ್ಯೂಟರ್’ ಬಂದ ಮೇಲೆ ಆಟದ ಲೋಕವೇ ಬದಲಾಯಿತು. ಅದನ್ನು ಜನ ಚಿಕ್ಕದಾಗಿ ಫ್ಯಾಮಿಕಾಂ ಅಂದರು. ಅಮೆರಿಕದಲ್ಲಿ ಅದು ಎನ್‌ಇಎಸ್ ಎಂಬ ಹೆಸರಿನಲ್ಲಿ ಮಾರಾಟವಾಯಿತು.

ನಮ್ಮೂರುಗಳಿಗೆ ತಲುಪಿದ್ದು ಹೆಚ್ಚಾಗಿ ಅದರ ನಕಲುಗಳು. ಜೊತೆಗೆ ಬರುತ್ತಿದ್ದ ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದು ದೊಡ್ಡದಾಗಿ ಬರೆದಿರುತ್ತಿತ್ತು. ನಿಜಕ್ಕೂ ಇರುತ್ತಿದ್ದದ್ದು ಕೆಲವೇ ಆಟಗಳು. ಅವೇ ಆಟಗಳು ಬೇರೆ ಬೇರೆ ಹಂತದಿಂದ ಶುರುವಾಗಿ ಪಟ್ಟಿಯನ್ನು ಉದ್ದ ಮಾಡುತ್ತಿದ್ದವು. ಅನುಮತಿ ಇಲ್ಲದ ಆ ನಕಲುಗಳಿಂದಲೇ ಭಾರತದ ಸಣ್ಣ ಊರುಗಳ ಮಕ್ಕಳಿಗೆ ಮಾರಿಯೊ, ಕಾಂಟ್ರಾ, ಡಕ್ ಹಂಟ್ ಪರಿಚಯವಾದವು ಎನ್ನುವುದು ಈ ಕಥೆಯ ತಮಾಷೆ.

ಮೋಡವೇ ಪೊದೆಯಾದಾಗ

ಮೈಕ್ರೊಪ್ರೊಸೆಸರ್ ಲ್ಯಾಬ್ ಅಂದರೆ ನಮ್ಮಲ್ಲಿ ಬಹಳ ಜನರಿಗೆ ಆಕಳಿಕೆ. ನನಗೂ ಹಾಗೇ ಇತ್ತು. ಈ ಯಂತ್ರದ ಒಳಗೇನಿದೆ ಎಂದು ಹುಡುಕತೊಡಗಿದ ಮೇಲೆ ಆ ಪಾಠಕ್ಕೆ ಜೀವ ಬಂತು. ಫ್ಯಾಮಿಕಾಂನ ಮಿದುಳು 1975ರ 6502 ಎಂಬ 8 ಬಿಟ್ ಪ್ರೊಸೆಸರ್‌ನ ವಂಶದ್ದು. ವೇಗ ಸುಮಾರು 1.79 ಮೆಗಾಹರ್ಟ್ಸ್. ಕೆಲಸಕ್ಕೆ ಸಿಗುವ ರ‍್ಯಾಮ್ ಕೇವಲ 2 ಕೆ.ಬಿ. ಇಷ್ಟು ಇಕ್ಕಟ್ಟಿನಲ್ಲಿ ಸಂಸಾರ ಮಾಡಬೇಕೆಂದರೆ ಪ್ರತಿ ಬೈಟ್‌ಗೂ ಲೆಕ್ಕ ಇಡಬೇಕು.

ಮಾರಿಯೊದ ಆಕಾಶದಲ್ಲಿ ತೇಲುವ ಮೋಡವನ್ನೂ ನೆಲದ ಮೇಲಿನ ಪೊದೆಯನ್ನೂ ಒಮ್ಮೆ ಸರಿಯಾಗಿ ನೋಡಿ. ಎರಡೂ ಒಂದೇ ಚಿತ್ರ! ಬಿಳಿ ಬಣ್ಣ ಕೊಟ್ಟರೆ ಮೋಡ, ಹಸಿರು ಕೊಟ್ಟರೆ ಪೊದೆ. ಕೆಲವು ಆಟಗಳಲ್ಲಿ ಶತ್ರುಗಳು ಗುಂಪಾಗಿ ಬಂದರೆ ಚಿತ್ರ ಮಿಣುಕುವುದನ್ನು ನೋಡಿರಬಹುದು. ಪರದೆಯ ಒಂದು ಅಡ್ಡಗೆರೆಯ ಮೇಲೆ ಎಂಟಕ್ಕಿಂತ ಹೆಚ್ಚು ಚಲಿಸುವ ತುಣುಕುಗಳನ್ನು ತೋರಿಸಲು ಆ ಯಂತ್ರಕ್ಕೆ ಆಗುವುದಿಲ್ಲ. ಅದಕ್ಕೇ ಪ್ರೋಗ್ರಾಮರ್‌ಗಳು ಒಂದು ಸಲ ಇವನ್ನು, ಇನ್ನೊಂದು ಸಲ ಅವನ್ನು ತೋರಿಸಿ, ಯಾವುದೂ ಪೂರ್ತಿ ಮಾಯವಾಗದಂತೆ ನೋಡಿಕೊಂಡರು.

ಇನ್ನೊಂದು ಸ್ವಾರಸ್ಯ ಕೇಳಿ. ಮಾರಿಯೊದ 3-1 ಹಂತದ ಮೆಟ್ಟಿಲ ಬಳಿ ಆಮೆಯ ಚಿಪ್ಪಿನ ಮೇಲೆ ಕುಣಿಯುತ್ತಾ ಲೈಫ್‌ಗಳನ್ನು ಕೂಡಿಸಿಕೊಳ್ಳುವ ಉಪಾಯವಿದೆ. ಅತಿಯಾಸೆಗೆ ಬಿದ್ದು 127 ದಾಟಿಸಿದಿರೋ, ಮುಂದಿನ ಸಲ ಸತ್ತಾಗ ನೇರ ‘ಗೇಮ್ ಓವರ್’. 8 ಬಿಟ್‌ನ ಸೈನ್ಡ್ ಸಂಖ್ಯೆಯಲ್ಲಿ 127ರ ನಂತರ ಬರುವುದು ಮೈನಸ್ 128. ‘ನಿನ್ನ ಬಳಿ ಲೈಫೇ ಇಲ್ಲ’ ಎಂದು ಆಟ ತಿಳಿದುಕೊಳ್ಳುತ್ತದೆ. ಸೈನ್ಡ್, ಅನ್‌ಸೈನ್ಡ್ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಯಾವ ಗೈಡ್ ಪುಸ್ತಕ ಹೇಳೀತು?

ಆಟದ ಮೊದಲ ಹಂತವೂ ಒಂದು ಪಾಠವೇ. ಅಲ್ಲಿ ಸೂಚನೆ ಇಲ್ಲ, ಬಾಣದ ಗುರುತಿಲ್ಲ. ಎಡಬದಿಯಲ್ಲಿ ನಿಂತ ಮಾರಿಯೊನ ಮುಂದೆ ಖಾಲಿ ಜಾಗ, ಅಂದರೆ ಬಲಕ್ಕೆ ನಡೆ. ಎದುರಿಗೆ ಮುಖ ಗಂಟಿಕ್ಕಿದ ಜೀವಿ, ಅಂದರೆ ಹಾರು. ಮೇಲೆ ಮಿನುಗುವ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆ, ಅಂದರೆ ಗುದ್ದಿ ನೋಡು. ಓದು ಬಾರದ ಮಗುವೂ ಅರ್ಧ ನಿಮಿಷದಲ್ಲಿ ಕಲಿಯುತ್ತದೆ.

ಸೋತರೆ ಮೊದಲಿಂದ

ಇಷ್ಟೆಲ್ಲ ಚಂದವಿದ್ದರೂ ಈ ಆಟಗಳು ದಯೆ ಬಲ್ಲವಲ್ಲ. ‘ಕಾಂಟ್ರಾ’ದಲ್ಲಿ ಮೂರೇ ಲೈಫ್, ಒಂದು ಗುಂಡು ತಗುಲಿದರೆ ಒಂದು ಹೋಯಿತು. ಅದಕ್ಕೇ ಆ ಪ್ರಸಿದ್ಧ ಮಂತ್ರ: ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ. ಒತ್ತಿದರೆ 30 ಲೈಫ್. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಅವರು ‘ಗ್ರೇಡಿಯಸ್’ ಎಂಬ ಆಟವನ್ನು ಪರೀಕ್ಷಿಸುವಾಗ ಅದು ತಮಗೇ ಕಷ್ಟವೆನಿಸಿ ಈ ಸಂಕೇತವನ್ನು ಸೇರಿಸಿದ್ದರು. ಅದು ಆಟದೊಳಗೇ ಉಳಿದು ಕೊನೆಗೆ ಜಗತ್ತಿಗೆಲ್ಲ ಬಾಯಿಪಾಠವಾಯಿತು.

ಹೆಚ್ಚಿನ ಹಳೆಯ ಆಟಗಳಲ್ಲಿ ‘ಸೇವ್’ ಇಲ್ಲ. ಏಳನೇ ಲೋಕದಲ್ಲಿದ್ದಾಗ ಕರೆಂಟ್ ಹೋದರೆ ಮತ್ತೆ ಒಂದರಿಂದಲೇ. ನಮ್ಮ ಊರುಗಳಲ್ಲಿ ಆಡುವವರಿಗೆ ಇದು ಎಂಥ ಅಗ್ನಿಪರೀಕ್ಷೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದರೆ ಇದರಲ್ಲೊಂದು ನ್ಯಾಯವಿದೆ. ಹತ್ತನೇ ಸಲ ಆಡಿದರೂ ಶತ್ರು ಅದೇ ಜಾಗದಲ್ಲಿ ನಿಂತಿರುತ್ತಾನೆ, ಗುಂಡಿ ಅಷ್ಟೇ ಅಗಲವಿರುತ್ತದೆ. ನಿಯಮ ಬದಲಾಗುವುದಿಲ್ಲ, ಬದಲಾಗುವುದು ನಿಮ್ಮ ಬೆರಳು, ನಿಮ್ಮ ಕಣ್ಣು. ದುಡ್ಡು ಕೊಟ್ಟು ಗೆಲುವು ಕೊಳ್ಳುವ ದಾರಿಯಿಲ್ಲ. ಒಂದರ ಹಿಂದೆ ಒಂದು ಆಪ್ಟಿಟ್ಯೂಡ್ ಟೆಸ್ಟ್ ಬರೆದು, ಎಲ್ಲಿ ಹಿಂದೆ ಬಿದ್ದೆವೆಂದೂ ತಿಳಿಯದೆ ಮೆಸೇಜ್‌ಗಾಗಿ ಕಾಯುವ ನಮಗೆ, ಸೋತ ಜಾಗ ಇಷ್ಟು ಸ್ಪಷ್ಟವಾಗಿ ಕಾಣುವ ಆಟ ಒಂದು ಬಗೆಯ ಸಮಾಧಾನ.

ತಾಳ್ಮೆ ಎಲ್ಲಿಗೆ ಮುಟ್ಟಿಸುತ್ತದೆ ಎನ್ನುವುದಕ್ಕೆ 1989ರ ನಿಂಟೆಂಡೊ ‘ಟೆಟ್ರಿಸ್’ ಸಾಕ್ಷಿ. ಅದರಲ್ಲಿ 29ನೇ ಹಂತಕ್ಕೆ ಬಂದರೆ ತುಣುಕುಗಳು ಬೀಳುವ ವೇಗಕ್ಕೆ ಬೆರಳು ಓಡುವುದಿಲ್ಲ, ಅಲ್ಲಿಗೆ ಆಟ ಮುಗಿದಂತೆಯೇ ಎಂದು ಬಹುಕಾಲ ನಂಬಲಾಗಿತ್ತು. ಆಟಗಾರರು ಬಿಡಲಿಲ್ಲ. ಹೆಬ್ಬೆರಳನ್ನು ನಡುಗಿಸುತ್ತಾ ಗುಂಡಿ ಒತ್ತುವ ವಿಧಾನ ಕಂಡುಕೊಂಡರು. ನಂತರ ಕಂಟ್ರೋಲರ್‌ನ ಬೆನ್ನಿನ ಮೇಲೆ ತಬಲಾ ನುಡಿಸಿದಂತೆ ಬೆರಳು ಉರುಳಿಸುವ ವಿಧಾನ ಬಂತು. 2023ರ ಡಿಸೆಂಬರ್‌ನಲ್ಲಿ ಅಮೆರಿಕದ 13 ವರ್ಷದ ವಿಲ್ಲಿಸ್ ಗಿಬ್ಸನ್ 157ನೇ ಹಂತ ತಲುಪಿದಾಗ ಆಟವೇ ಸ್ತಬ್ಧವಾಯಿತು. ಅಷ್ಟು ದೂರ ಯಾರಾದರೂ ಬರಬಹುದೆಂದು ಅದನ್ನು ಬರೆದವರು ಎಣಿಸಿರಲಿಲ್ಲ. ಬಿಡುಗಡೆಯಾದ 34 ವರ್ಷಗಳ ಬಳಿಕ, ಆಟ ಹುಟ್ಟಿದಾಗ ಇನ್ನೂ ಹುಟ್ಟಿರದ ಹುಡುಗ ಅದನ್ನು ಸೋಲಿಸಿದ.

ಊದಿದರೆ ಸರಿಹೋಗುತ್ತಾ?

ಆಟ ಮುಪ್ಪಾಗದಿದ್ದರೂ ಯಂತ್ರ ಮುಪ್ಪಾಗುತ್ತದೆ. ನಾನು ಮೊದಲ ಸಲ ಕ್ಯಾಸೆಟ್ ಸಿಕ್ಕಿಸಿದಾಗ ಪರದೆ ತುಂಬಾ ಚೌಕಚೌಕದ ಕಸ. ಫೋನ್ ಮಾಡಿದರೆ ಮಾವ ನಕ್ಕರು: “ಕ್ಯಾಸೆಟ್ ತೆಗ್ದು ಬಾಯಲ್ಲಿ ಜೋರಾಗಿ ಊದೋ. ನಾವೆಲ್ಲ ಹಂಗೇ ಮಾಡ್ತಿದ್ದಿದ್ದು.”

“ಮಾವ, ಊದಿದ್ರೆ ಎಂಜಲಿನ ತೇವಕ್ಕೆ ಒಳಗಿನ ಪಿನ್ನು ಹಾಳಾಗುತ್ತಂತೆ.”

“ಹಾಳಾಗೋ ಹಂಗಿದ್ರೆ ನಿನ್ ಕೈಗೆ ಬರೋತನಕ ಉಳೀತಿತ್ತೇನೋ?”

ಮಾವನ ವಾದಕ್ಕೆ ಎದುರು ಹೇಳುವುದು ಕಷ್ಟ. ಆದರೆ ನಿಂಟೆಂಡೊ ಕಂಪನಿಯೇ ಊದಬೇಡಿ ಎಂದು ಎಚ್ಚರಿಸಿತ್ತು. ಕ್ಯಾಸೆಟ್ಟನ್ನು ತೆಗೆದು ಮತ್ತೆ ಸಿಕ್ಕಿಸಿದಾಗ ಲೋಹದ ಪಟ್ಟಿಗಳು ಹೊಸದಾಗಿ ಒಂದಕ್ಕೊಂದು ತಾಗುತ್ತವೆ. ಕೆಲಸ ಮಾಡುವುದು ಅದು, ಕೀರ್ತಿ ಮಾತ್ರ ಉಸಿರಿಗೆ! ನಾನು ಇಯರ್ ಬಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಪಟ್ಟಿಗಳನ್ನು ಉಜ್ಜಿದೆ. ಬಡ್ಡು ಕಾಡಿಗೆಯಷ್ಟು ಕಪ್ಪಾಯಿತು. ಪೂರ್ತಿ ಒಣಗಿದ ಮೇಲೆ ಸಿಕ್ಕಿಸಿದರೆ ಆಟದ ಪಟ್ಟಿ ಮೂಡಿತು.

ಮುಂದಿನ ತೊಡಕು ಟಿ.ವಿ.ಯದು. ಈ ಯಂತ್ರಗಳು ಹುಟ್ಟಿದ್ದು ಹಿಂದೆ ಡುಬ್ಬ ಇರುವ ಹಳೆಯ ಪಿಕ್ಚರ್ ಟ್ಯೂಬ್ ಟಿ.ವಿ.ಗಳಿಗಾಗಿ. ಹೊಸ ಎಲ್‌ಇಡಿ ಟಿ.ವಿ.ಗೆ ಹಳದಿ, ಬಿಳಿ ಎವಿ ವೈರ್ ಸಿಕ್ಕಿಸಿದರೆ ಚಿತ್ರವೇನೋ ಬರುತ್ತದೆ. ಆದರೆ ಟಿ.ವಿ. ಆ ಹಳೆಯ ಸಿಗ್ನಲ್ ಅನ್ನು ತನಗೆ ಬೇಕಾದಂತೆ ಹಿಗ್ಗಿಸಿ ತೋರಿಸುವಷ್ಟರಲ್ಲಿ ಗಳಿಗೆ ತಡ. ಗುಂಡಿ ಒತ್ತುವುದಕ್ಕೂ ಮಾರಿಯೊ ಹಾರುವುದಕ್ಕೂ ನಡುವಿನ ಆ ಚಿಕ್ಕ ಅಂತರದಲ್ಲೇ ಅವನು ಗುಂಡಿಗೆ ಬಿದ್ದಿರುತ್ತಾನೆ.

ಬಾತುಕೋಳಿಗೆ ಗುರಿಯಿಡುವ ‘ಡಕ್ ಹಂಟ್’ ಅಂತೂ ಹೊಸ ಟಿ.ವಿ.ಯಲ್ಲಿ ಆಡಲು ಬರುವುದೇ ಇಲ್ಲ. ಗನ್‌ನಿಂದ ಏನೂ ಹೊರಡುವುದಿಲ್ಲ. ಅದರ ನಳಿಕೆಯೊಳಗಿರುವುದು ಬೆಳಕನ್ನು ಗುರುತಿಸುವ ಸಂವೇದಕ. ಟ್ರಿಗರ್ ಒತ್ತಿದ ಕ್ಷಣ ಪರದೆ ಕಪ್ಪಾಗಿ, ಬಾತುಕೋಳಿ ಇದ್ದಲ್ಲಿ ಬಿಳಿ ಚೌಕ ಮಿಂಚಿ ಮರೆಯಾಗುತ್ತದೆ. ಗನ್‌ಗೆ ಆ ಬಿಳುಪು ಕಂಡರೆ ಗುರಿ ಸಿಕ್ಕಂತೆ. ಈ ಲೆಕ್ಕವೆಲ್ಲ ಪಿಕ್ಚರ್ ಟ್ಯೂಬಿನ ಮಿಂಚಿನ ಗತಿಗೆ ಹೊಂದಿಕೊಂಡದ್ದು. ಎಲ್‌ಇಡಿ ಟಿ.ವಿ. ತಡಮಾಡುವುದರಿಂದ ಎಷ್ಟು ಚೆನ್ನಾಗಿ ಗುರಿಯಿಟ್ಟರೂ ಬಾತುಕೋಳಿ ಹಾರಿಹೋಗುತ್ತದೆ, ನಾಯಿ ನಗುತ್ತದೆ.

ಸೇವ್ ಇದ್ದ ಕೆಲವೇ ಕ್ಯಾಸೆಟ್‌ಗಳಿಗೆ ಬೇರೆ ಕಷ್ಟ. 1987ರಲ್ಲಿ ಅಮೆರಿಕದಲ್ಲಿ ಬಂದ ‘ಲೆಜೆಂಡ್ ಆಫ್ ಝೆಲ್ಡಾ’ದ ಒಳಗೆ ನಾಣ್ಯದಾಕಾರದ ಬ್ಯಾಟರಿ ಇತ್ತು. ಅದು ಸತ್ತ ದಿನ ಉಳಿಸಿಟ್ಟದ್ದೆಲ್ಲ ಅಳಿಸಿಹೋಗುತ್ತದೆ.

ಯಾರ ಕೈಯಲ್ಲಿದೆ ಸ್ವಿಚ್?

2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು. ಅಕ್ಟೋಬರ್ ಕೊನೆಗೆ ಸರ್ವರ್ ನಿಂತಾಗ ಅದು ಫೋನಿನಲ್ಲಿದ್ದರೂ ಪ್ರಯೋಜನವಿರಲಿಲ್ಲ. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆ ಬೇರೆ. ನಾವು ‘ನಮ್ಮದು’ ಅಂದುಕೊಂಡ ಆಟದ ಸ್ವಿಚ್ ಇನ್ನೆಲ್ಲೋ ಇರುತ್ತದೆ ಎನ್ನುವುದು ಆಗ ನನ್ನ ವಯಸ್ಸಿನವರಿಗೆಲ್ಲ ಗೊತ್ತಾಯಿತು. 2023ರ ಮಾರ್ಚ್‌ನಲ್ಲಿ ನಿಂಟೆಂಡೊ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯನ್ನೇ ಮುಚ್ಚಿತು. ಅಲ್ಲಷ್ಟೇ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳುವ ದಾರಿ ಅಲ್ಲಿಗೆ ಮುಗಿಯಿತು. ಅದೇ ವರ್ಷ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಷನ್ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕೆ ಮೊದಲು ಆ ದೇಶದಲ್ಲಿ ಬಂದ ಆಟಗಳಲ್ಲಿ ಶೇ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ.

ಎಮ್ಯುಲೇಟರ್ ಇದೆಯಲ್ಲ ಅನ್ನಬಹುದು. ಹಳೆಯ ಯಂತ್ರದಂತೆ ನಟಿಸುವ ಈ ತಂತ್ರಾಂಶಗಳಿಂದ ನಾನು ಬಹಳ ಕಲಿತಿದ್ದೇನೆ. ‘ಎಫ್‌ಸಿಇಯುಎಕ್ಸ್’ನ ಡಿಬಗರ್‌ನಲ್ಲಿ ಲೈಫ್ ಸಂಖ್ಯೆ ಕೂತ ಮೆಮೊರಿ ಜಾಗವನ್ನು ಕಣ್ಣಾರೆ ನೋಡಬಹುದು. ಆದರೆ ಬೇರೆಯವರ ಆಟದ ನಕಲನ್ನು ಹಂಚುವುದು ಕಾಪಿರೈಟ್ ಪ್ರಶ್ನೆ. ಕೊಳ್ಳಲು ಸಿಗದ, ನಕಲು ಮಾಡಲೂ ಆಗದ ಆಟಕ್ಕೆ ಉಳಿಯುವುದು ಒಂದೇ ನೆಲೆ: ಯಾರದೋ ಮನೆಯ ಅಟ್ಟದ ಡಬ್ಬ.

ಸಂತೋಷದ ಸಂಗತಿಯೆಂದರೆ ಹಳೆಯ ಯಂತ್ರಕ್ಕೆ ಹೊಸ ಆಟ ಬರೆಯುವವರೂ ಇದ್ದಾರೆ. 2019ರಲ್ಲಿ ಮಾರ್ಫ್‌ಕ್ಯಾಟ್ ಗೇಮ್ಸ್ ತಂಡ ಹೊರತಂದ ‘ಮೈಕ್ರೊ ಮೇಜಸ್’ ಮಾರಿಯೊದಷ್ಟೇ, ಅಂದರೆ 40 ಕೆ.ಬಿ. ಒಳಗೆ ಕೂರುತ್ತದೆ. ನಾಲ್ಕು ಜನ ಒಟ್ಟಿಗೆ ಆಡಬಹುದು! ನಾನೂ 6502 ಅಸೆಂಬ್ಲಿಯಲ್ಲಿ ಒಂದು ಪುಟ್ಟ ಆಟ ಬರೆಯುತ್ತಿದ್ದೇನೆ. ಸದ್ಯಕ್ಕೆ ಒಂದು ಚೌಕ ಎಡಕ್ಕೂ ಬಲಕ್ಕೂ ಓಡಾಡುತ್ತದೆ, ಅಷ್ಟೇ. ಆದರೆ ಆ ಚೌಕ ಇಡುವ ಪ್ರತಿ ಹೆಜ್ಜೆಗೂ ಕಾರಣ ಏನೆಂದು ನನಗೆ ಗೊತ್ತು.

ಈ ಬಾರಿ ಊರಿಗೆ ಹೋದಾಗ ಅಟ್ಟ ಹತ್ತಿ ನೋಡಿ. ಅಣ್ಣನದ್ದೋ ಚಿಕ್ಕಪ್ಪನದ್ದೋ ಹಳೆಯ ವಿಡಿಯೊ ಗೇಮ್ ಸಿಕ್ಕರೆ ಗುಜರಿಯವನಿಗೆ ತೂಕಕ್ಕೆ ಹಾಕಬೇಡಿ. ಒರೆಸಿ, ಪಿನ್ ಉಜ್ಜಿ, ಮನೆಯ ಹಳೆಯ ಡುಬ್ಬ ಟಿ.ವಿ. ಇನ್ನೂ ಇದ್ದರೆ ಅದನ್ನೂ ಉಳಿಸಿಕೊಳ್ಳಿ. ಆಮೇಲೆ ಅದರ ಒಡೆಯರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಎರಡನೇ ಕಂಟ್ರೋಲರ್ ಕೈಗಿಡಿ. ಅವರು ಊದಿಯೇ ಸಿಕ್ಕಿಸುತ್ತೇನೆಂದು ಹಟ ಹಿಡಿದರೆ ಒಂದು ಸಲ ಬಿಟ್ಟುಬಿಡಿ.